ನಾನು ಬರೆಯದ ಪತ್ರ

ಮೆಟ್ರಿ
20 ನವೆಂಬರ್ 2007

ಕೃಷ್ಣಾ,

ಈ ಕಾಗದ ಮುಟ್ಟುವ ಹೊತ್ತಿಗೆ ನೀನು ಹೊಸಪೇಟೆಯ ಮನೆ ಸೇರಿರುತ್ತೀ ಎಂದುಕೊಂಡಿದ್ದೇನೆ. ಸೇರಿದ್ದರೆ ಮೊದಲು ಎರಡು ಸಾಲು ಬರೆದು ಹಾಕು. ಅರವತ್ತಾರು ವರ್ಷದವಳು ಒಬ್ಬಳೇ ಡೆಲ್ಲಿಗೆ ಯಾಕೆ ಹೋದೆ? ಚೀಲ, ಫೋನು ಎಲ್ಲ ಕಳಕೊಂಡು ಅಲ್ಲಿ ಏನು ತಿಂದೆ, ಎಲ್ಲಿ ಮಲಗಿದೆ? ಬೈಯುವುದನ್ನು ಆಮೇಲೆ ಇಟ್ಟುಕೊಳ್ಳುತ್ತೇನೆ.

ನಿನ್ನ ಇ-ಮೇಲು ಬಂದದ್ದು ಶನಿವಾರ. ನನ್ನ ತಂಗಿಯ ಮಗಳು ಪಲ್ಲವಿ ಯಶವಂತನಗರದ ಒಂದು ಗಣಿ ಕಂಪನಿಯ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ನನ್ನ ಮೇಲು ನೋಡುವುದೆಲ್ಲ ಅವಳೇ. ಅದನ್ನು ಕಾಗದದ ಮೇಲೆ ಇಳಿಸಿಕೊಂಡು ಭಾನುವಾರ ಬಂದಳು. ತಲೆಗೂದಲೆಲ್ಲ ಅದಿರಿನ ಧೂಳು. ಮುಖ ತೊಳೆಯುವ ಮುಂಚೆಯೇ ಕೂರಿಸಿ ಓದಿಸಿದೆ.

ಇಂಗ್ಲಿಷಿನಲ್ಲಿತ್ತು. ನನಗೆ ಆಶ್ಚರ್ಯವಾಗಲಿಲ್ಲ. ಏನಾದರೂ ಕೇಳಬೇಕಾಗಿ ಬಂದರೆ ನೀನು ಇಂಗ್ಲಿಷಿನ ಹಿಂದೆ ಅಡಗುವವಳೇ. ಇಲಾಖೆಗೆ ಎರಡು ಡಬ್ಬಿ ಸೀಮೆಸುಣ್ಣ ಕೇಳುವಾಗಲೂ ಹಾಗೇ ಮಾಡುತ್ತಿದ್ದೆ. 'ನಿನ್ನ ಬಿಟ್ಟರೆ ಕೇಳಲಿಕ್ಕೆ ನನಗೆ ಯಾರೂ ಇಲ್ಲ' ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಪಲ್ಲವಿಯಿಂದ ಎರಡು ಸಲ ಓದಿಸಿದೆ. ಸೋಮವಾರ ಕಂಪ್ಲಿಗೆ ಹೋಗಿ ಬ್ಯಾಂಕಿನ ಸಾಲಿನಲ್ಲಿ ನಿಂತು ನೀನು ಕೊಟ್ಟ ಖಾತೆಗೆ ಹಣ ಕಟ್ಟಿ ಬಂದೆ. ಚಲನ್ ಇದರೊಳಗಿದೆ.

ಹನ್ನೊಂದು ವರ್ಷ ಆಯಿತು, ಕೃಷ್ಣಾ. ನಿನ್ನ ಮಗಳು ಶ್ರೀವಾಣಿಯ ಮದುವೆಯ ದಿನ ನಿಮ್ಮ ಮನೆಯ ಮೆಟ್ಟಿಲಿಳಿದವಳು ಮತ್ತೆ ಆ ಓಣಿಗೆ ಬಂದಿಲ್ಲ. ನೀನೇ ಮೊದಲು ಬರೆಯಬೇಕು ಎಂದು ಹಟ ಹಿಡಿದಿದ್ದೆ. ಬರೆದೆ. ಕಷ್ಟಕ್ಕಾದರೂ ಸರಿ, ನೀನೇ ಮೊದಲು ಬರೆದೆ. ನನಗೆ ಅಷ್ಟು ಸಾಕು.

ನಿನ್ನ
ಹೊಳೆಮ್ಮ


ಹೊಸಪೇಟೆ
27 ನವೆಂಬರ್ 2007

ಪ್ರೀತಿಯ ಹೊಳೆಮ್ಮ,

ನಿನ್ನ ಕಾಗದ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿ, ಒಡೆಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತಿದ್ದೆ.

ನಾನು ಮನೆಯಲ್ಲಿ ಕ್ಷೇಮವಾಗಿದ್ದೇನೆ. ನೀನು ಕಟ್ಟಿದ ಹಣಕ್ಕೆ ಚೆಕ್ ಇಟ್ಟಿದ್ದೇನೆ, ದಯವಿಟ್ಟು ತಿರುಗಿಸಿ ಕಳಿಸಬೇಡ. ಆ ಇ-ಮೇಲಿನ ಮಾತು ಇಲ್ಲಿಗೆ ಬಿಡೋಣ. ಅದು ಈಗ ಕೆಟ್ಟು ಕೂತಿದೆ. ಅದರಿಂದ ಇನ್ನು ಏನು ಬಂದರೂ ಲಕ್ಷ್ಯ ಕೊಡಬೇಡ. ಏನಿದ್ದರೂ ಕಾಗದದಲ್ಲೇ ಬರೆಯುತ್ತೇನೆ.

ನಮ್ಮ ಅಣ್ಣ ಶೀನಣ್ಣ ನಿನ್ನನ್ನು ಕೇಳಿದ. ಕಾಲುವೆ ಆಫೀಸಿನಿಂದ ನಿವೃತ್ತನಾಗಿ, ಅತ್ತಿಗೆ ಹೋದ ಮೇಲೆ ಅವನು ನನ್ನ ಜೊತೆಗೇ ಇದ್ದಾನೆ. ನನ್ನ ಅತ್ತೆಯವರು ತೀರಿಕೊಂಡು ಆರು ವರ್ಷವಾಯಿತು. ಬರೆಯಬೇಕಾದದ್ದು ಬಹಳ ಇದೆ. ಇವತ್ತು ಕೈ ಓಡುತ್ತಿಲ್ಲ.

ಇತಿ
ಕೃಷ್ಣಾಬಾಯಿ


ಮೆಟ್ರಿ
14 ಡಿಸೆಂಬರ್ 2007

ಕೃಷ್ಣಾ,

ಚೆಕ್ಕನ್ನು ಹರಿದು ಹಾಕೋಣವೆಂದುಕೊಂಡೆ. ಹೆಡ್‌ಮಿಸ್ಟ್ರೆಸ್ ಕೈಬರಹ ನೋಡಿ ಧೈರ್ಯ ಬರಲಿಲ್ಲ, ಬ್ಯಾಂಕಿಗೇ ಹಾಕಿದೆ. ಇಷ್ಟು ಬಿಗುವಾಗಿ ಬರೆಯುತ್ತಾರೇನೇ? ಕ್ಷೇಮ, ಚೆಕ್, ದಯವಿಟ್ಟು! ಇರಲಿ, ತುಕ್ಕು ಬಿಡಲಿಕ್ಕೆ ಹೊತ್ತು ಬೇಕು.

ಒಂದು ಸಂಗತಿ ಹೇಳಬೇಕು. ನಮ್ಮ ಡ್ರಿಲ್ ಮೇಷ್ಟ್ರು ಉಚ್ಚೆಂಗಪ್ಪ ಈಗ ಕಂಪ್ಲಿಯಲ್ಲಿ ಮಕ್ಕಳ ಮನೆಯಲ್ಲಿದ್ದಾರೆ. ನಿನಗೆ ಕಷ್ಟ ಅಂತ ಅವರಿಗೂ ಮೇಲು ಬಂದಿತ್ತಂತೆ. ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಪಟ್ಟಿಗೆ ಮೊಮ್ಮಗನ ಇ-ಮೇಲು ವಿಳಾಸ ಕೊಟ್ಟಿದ್ದರಂತೆ, ಅದಕ್ಕೆ. ಹದಿನೈದು ದಿನ ಅನುಮಾನದಲ್ಲೇ ಕಳೆದು, ಕಣ್ಣು ಕಾಣದಿದ್ದರೂ ಬಸ್ಸು ಹತ್ತಿ ನಮ್ಮನೆಗೆ ಬಂದರು. "ಟೀಚರ್, ಇದು ಖರೇನ ಏನ್ರಿ? ಕೃಷ್ಣಾಬಾಯಾರು ಹಿಂಗ ಕೈ ಚಾಚೋರಲ್ಲ" ಎಂದರು. ನಾನು ನಿನ್ನ ಕಾಗದವನ್ನೇ ತೋರಿಸಿದೆ. ಖರೆ ಇದೆ, ಕಷ್ಟದಲ್ಲಿದ್ದಳು, ಈಗ ಮನೆ ಸೇರಿದ್ದಾಳೆ ಎಂದೆ. ಆ ಮನುಷ್ಯನಿಗೆ ಅಷ್ಟಕ್ಕೇ ಅಳು ಬಂತು. ಆಪತ್ತಿಗೆ ಆಗಲಿಲ್ಲ, ಖರ್ಚು ತೀರಿಸಲಿಕ್ಕಾದರೂ ಆಗಲಿ ಎಂದು ಮರುದಿನವೇ ಆ ಖಾತೆಗೆ ಹಣ ಕಟ್ಟಿ ಬಂದಿದ್ದಾರೆ. ಪೊರೆ ತೆಗೆಸಲಿಕ್ಕೆ ಇಟ್ಟುಕೊಂಡ ದುಡ್ಡಂತೆ. ನಾನು ಬೇಡವೆಂದರೂ ಕೇಳಲಿಲ್ಲ. ನೀನು ಅವರಿಗೂ ಒಂದು ಕಾಗದ ಬರೆದು ಹಣ ತಿರುಗಿಸಿಬಿಡು, ಪಾಪ.

ಇಲ್ಲಿ ಭತ್ತದ ಕೊಯ್ಲು ಮುಗಿಯುತ್ತಾ ಬಂತು. ಕೂಲಿಗೆ ಜನ ಸಿಗುವುದಿಲ್ಲ, ಹುಡುಗರೆಲ್ಲ ಸಂಡೂರಿನ ಗಣಿಗಳ ಕಡೆ ಲಾರಿ ಹತ್ತಿದ್ದಾರೆ. ಈ ಸಲವಾದರೂ ಉದ್ದದ ಕಾಗದ ಬರೆ.

ನಿನ್ನ
ಹೊಳೆಮ್ಮ


ಹೊಸಪೇಟೆ
19 ಡಿಸೆಂಬರ್ 2007

ಹೊಳೆಮ್ಮ,

ಇದನ್ನು ಓದುವಾಗ ಕೂತುಕೊಂಡು ಓದು.

ನಾನು ಡೆಲ್ಲಿಗೆ ಹೋಗಿರಲಿಲ್ಲ. ನನ್ನ ಚೀಲ ಕಳೆದಿರಲಿಲ್ಲ. ಆ ಇ-ಮೇಲನ್ನು ನಾನು ಬರೆಯಲಿಲ್ಲ. ಯಾರೋ ಕಳ್ಳ ನನ್ನ ಹೆಸರಿನ ಒಳಗೆ ಹೊಕ್ಕು ಬರೆದ.

ದೀಪಾವಳಿಗೆ ಮುಂಚಿನ ದ್ವಾದಶಿ. ಬೆಳಿಗ್ಗೆ ಆರೂವರೆಗೆ ಪಾರಣೆ ಮುಗಿಯಬೇಕಿತ್ತು, ನಾನು ಮಡಿಯಲ್ಲಿ ಒಲೆಯ ಮುಂದಿದ್ದೆ. ಶೀನಣ್ಣ ಪಡಸಾಲೆಯಲ್ಲಿ ಕಂಪ್ಯೂಟರ್ ತೆಗೆದಿದ್ದ. ನನ್ನ ಇ-ಮೇಲಿಗೆ ಒಂದು ನೋಟಿಸು ಬಂದಿತ್ತಂತೆ: ಎರಡು ದಿನದೊಳಗೆ ವಿವರ ಖಚಿತಪಡಿಸದಿದ್ದರೆ ಖಾತೆ ಮುಚ್ಚುತ್ತೇವೆ ಎಂದು. ಅವನು ಅಲ್ಲಿಂದಲೇ ಕೂಗಿದ, "ಕೃಷ್ಣಾ, ಪಾಸ್‌ವರ್ಡ್ ಏನದ ಹೇಳು, ಟೈಮ್ ಮುಗೀಲಿಕ್ಕೆ ಬಂದದ." ಮಡಿಯಲ್ಲಿ ಆ ಯಂತ್ರ ಮುಟ್ಟುವುದು ಹೇಗೆ? ಒಳಗಿಂದಲೇ ಕೂಗಿ ಹೇಳಿದೆ. ಹುಟ್ಟಿದ ತಾರೀಖು ಕೇಳಿದ, ಹೇಳಿದೆ. ತವರೂರು ಕೇಳಿದ, ಹೇಳಿದೆ. ಒಂದೊಂದನ್ನೂ ಅವನು ಒತ್ತಿ ಕಳಿಸಿದ. ಮೂವತ್ತು ವರ್ಷ ಹುಡುಗಿಯರಿಗೆ ಉತ್ತರ ಪತ್ರಿಕೆ ಮುಚ್ಚಿಕೊಂಡು ಬರೀರಿ ಎಂದು ಗದರಿದವಳು ನಾನು. ನಾಲ್ಕು ದಿನದ ಮೇಲೆ ಒಳಗೆ ಹೋಗಲು ನೋಡಿದರೆ ಬಾಗಿಲೇ ತೆರೆಯಲಿಲ್ಲ. ತಡವಾಯಿತು, ಮುಚ್ಚಿದರು ಎಂದುಕೊಂಡು ಸುಮ್ಮನಾದೆವು.

ನಿನ್ನ ಕಾಗದ ಓದಿದ ಮೇಲೆಯೇ ನನಗೆ ತಿಳಿದದ್ದು.

ಅವತ್ತೇ ನಿಜ ಬರೆಯಬೇಕಿತ್ತು. ನಾಲ್ಕು ಸಲ ಬರೆದು ಹರಿದೆ. 'ನೀನೇ ಮೊದಲು ಬರೆದೆ, ನನಗೆ ಅಷ್ಟು ಸಾಕು' ಎಂದು ನೀನು ಬರೆದಿದ್ದೆಯಲ್ಲ, ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಸುವರ್ಣ ಮಹೋತ್ಸವದ ಪಟ್ಟಿಯಿಂದ ನಿನ್ನ ವಿಳಾಸ ಎರಡು ವರ್ಷ ನನ್ನ ಹತ್ತಿರವೇ ಇತ್ತು. ನಾನು ಬರೆಯಲಿಲ್ಲ, ಕಳ್ಳ ಬರೆದ. ಅವನು ಸಂಪಾದಿಸಿಕೊಟ್ಟ ಕ್ಷಮೆಯನ್ನು ನಾನು ಸದ್ದಿಲ್ಲದೆ ಇಟ್ಟುಕೊಳ್ಳಲು ನೋಡಿದೆ. ಅದರ ಫಲ ಉಚ್ಚೆಂಗಪ್ಪನವರು ಉಂಡರು. ಅವರು ನಂಬಿದ್ದು ಕಳ್ಳನ ಮೇಲನ್ನಲ್ಲ, ನನ್ನ ಕಾಗದವನ್ನು. ಅವರ ಹಣ ನಾನು ಕೊಡುತ್ತೇನೆ. ನಿನ್ನ ಬಾಯಿಂದ ಸುಳ್ಳು ಹೇಳಿಸಿದ್ದಕ್ಕೆ ಏನು ಕೊಡಲಿ, ತಿಳಿಯುತ್ತಿಲ್ಲ.

ಮದುವೆಯ ಮಾತನ್ನೂ ಇದರಲ್ಲೇ ಆಡಿಬಿಡುತ್ತೇನೆ. ಮುನ್ನೂರು ಲಗ್ನಪತ್ರಿಕೆಗೆ ವಿಳಾಸ ಬರೆದವಳು ನೀನು. ಅತ್ತೆಯವರು ನಿನ್ನನ್ನು ಪಂಕ್ತಿಯಿಂದ ಎಬ್ಬಿಸಿದರು. ಆ ಮನೆಯಲ್ಲಿ ಅವರೆದುರು ಯಾರೂ ಮಾತಾಡುತ್ತಿರಲಿಲ್ಲ, ನಿನಗೂ ಗೊತ್ತು. ಜೂನ್ ತಿಂಗಳಲ್ಲಿ ನೀನು ಕಂಪ್ಲಿಗೆ ವರ್ಗ ಮಾಡಿಸಿಕೊಂಡೆ. ಆ ಕಾಗದಕ್ಕೆ ನಾನೇ ಸಹಿ ಹಾಕಿದೆ, ಯಾಕೆ ಹೋಗುತ್ತೀ ಎಂದು ಕೇಳಲಿಲ್ಲ.

ನೀನು ಸಿಟ್ಟಾದರೆ ನನಗೆ ಸಮಾಧಾನವೇ ಆಗುತ್ತದೆ.

ಇತಿ
ಕೃಷ್ಣಾಬಾಯಿ


ಮೆಟ್ರಿ
2 ಜನವರಿ 2008

ಹೆಡ್‌ಮಿಸ್ಟ್ರೆಸ್ ಕೃಷ್ಣಾಬಾಯಿಯವರಿಗೆ,

ನಿಮ್ಮ ಪತ್ರ ತಲುಪಿತು.

ನಾನೇ ಕಂಪ್ಲಿಗೆ ಹೋಗಿ ಉಚ್ಚೆಂಗಪ್ಪನವರಿಗೆ ನಿಜ ಹೇಳಿದೆ. ಅವರು ನನ್ನನ್ನೂ ಬೈಯಲಿಲ್ಲ, ನಿಮ್ಮನ್ನೂ ಬೈಯಲಿಲ್ಲ. ಮಕ್ಕಳಿಗೆ ಮಾತ್ರ ತಿಳಿಸಬೇಡಿ ಎಂದು ಕೈ ಮುಗಿದರು. ಗೊತ್ತಾದರೆ ಪಾಸ್‌ಬುಕ್ ಕಿತ್ತುಕೊಳ್ಳುತ್ತಾರೆ, ಬುದ್ಧಿ ಕೆಟ್ಟಿದೆ ಅಂತ ಇನ್ನು ಚಹಾದ ದುಡ್ಡಿಗೂ ಅವರ ಮುಂದೆ ನಿಲ್ಲಬೇಕಾಗುತ್ತದೆ ಎಂದರು. ಎಪ್ಪತ್ತು ವರ್ಷದ ಡ್ರಿಲ್ ಮೇಷ್ಟ್ರು, ಒಂದು ಕಾಲಕ್ಕೆ ಇಡೀ ಮೈದಾನಕ್ಕೆ ಕೇಳುವಂತೆ ಸೀಟಿ ಊದುತ್ತಿದ್ದವರು, ಹಿತ್ತಲಲ್ಲಿ ಪಿಸುಮಾತಿನಲ್ಲಿ ಹೇಳಿದರು.

ನಿಮ್ಮ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ? ಅವರಲ್ಲಿ ಹೀಗೆ ಹಿತ್ತಲಲ್ಲಿ ಕೂತವರು ಎಷ್ಟು? ನಾಳೆ ಇನ್ನೂ ಎಷ್ಟು ಜನ ಕಟ್ಟುತ್ತಾರೆ? ನಾನು ಪೊಲೀಸರ ಹತ್ತಿರ ಹೋಗಬಹುದು, ಆದರೆ ಕಳುವಾಗಿರುವುದು ನಿಮ್ಮ ಹೆಸರು. ನೀವೇ ಎದ್ದು ಹೇಳಬೇಕು.

ಇಲ್ಲವೆಂದರೆ ಸುಮ್ಮನಿರಿ. ಅದು ನಿಮಗೆ ರೂಢಿ ಇದೆ.

ಹೊಳೆಮ್ಮ


ಹೊಸಪೇಟೆ
10 ಫೆಬ್ರವರಿ 2008

ಹೊಳೆಮ್ಮ,

ನಿನ್ನ ಕೊನೆಯ ಸಾಲನ್ನು ಓದಿದ ದಿನ ಅನ್ನ ಸೇರಲಿಲ್ಲ. ಮರುದಿನ ಬೆಳಿಗ್ಗೆ ಠಾಣೆಗೆ ಹೋದೆ. ಏನಾಯಿತೆಂದು ಬರೆಯುತ್ತೇನೆ, ಹೊಗಳಿಸಿಕೊಳ್ಳಲು ಅಲ್ಲ.

ಶೀನಣ್ಣನೂ ಬಂದಿದ್ದ. ಆ ದ್ವಾದಶಿಯ ವಿಷಯ ಅವನಿಗೆ ಹೇಳಿದಂದಿನಿಂದ ಅವನು ಕಂಪ್ಯೂಟರಿನ ಮೇಲೆ ಟವೆಲ್ ಮುಚ್ಚಿ ಇಟ್ಟಿದ್ದಾನೆ, ಹತ್ತಿರ ಸುಳಿಯುವುದಿಲ್ಲ. ಠಾಣೆಯಲ್ಲಿ ಒಬ್ಬ ಯುವಕ ಅಧಿಕಾರಿ ಎರಡು ಗಂಟೆ ಕೂತು ಬರೆದುಕೊಂಡರು. ಇಂಥದ್ದನ್ನು ನೋಡುವ ಪ್ರತ್ಯೇಕ ಠಾಣೆ ಬೆಂಗಳೂರಿನಲ್ಲಿದೆ, ಕಳಿಸುತ್ತೇವೆ ಎಂದರು. ಹಣ ಬರುತ್ತದೆಂದು ಮಾತ್ರ ಭರವಸೆ ಕೊಡಲಿಲ್ಲ. ಆ ಖಾತೆಗೆ ತಡೆ ಬಿದ್ದಿದೆಯಂತೆ, ಅಷ್ಟೇ ಲಾಭ.

ಪಟ್ಟಿಯಲ್ಲಿ ನೂರಾ ಹನ್ನೆರಡು ಜನ. ಫೋನ್ ಇದ್ದವರಿಗೆ ನಾನೇ ಫೋನ್ ಮಾಡಿದೆ, ಇಲ್ಲದವರಿಗೆ ಕಾಗದ ಬರೆದೆ. ಮೊದಲ ಹತ್ತು ಫೋನಿಗೆ ನಾಲಿಗೆ ಏಳಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯರು, ಈಗ ಅಜ್ಜಿಯಾದವರೂ ಇದ್ದಾರೆ, ಅವರಿಗೆ ನಾನು ಮೋಸಹೋದೆ ಎಂದು ಹೇಳುವುದು! ಇಪ್ಪತ್ತನೆಯದರ ಹೊತ್ತಿಗೆ ಪಾಠ ಒಪ್ಪಿಸಿದಂತೆ ಸರಾಗವಾಯಿತು. ಇನ್ನೂ ನಾಲ್ಕು ಜನ ಹಣ ಕಟ್ಟಿದ್ದರು. ನಾಲ್ವರೂ ಅರವತ್ತು ದಾಟಿದವರು. ನಾಲ್ವರೂ ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ.

ಕಳೆದ ಭಾನುವಾರ ತುಂಗಭದ್ರಾ ಡ್ಯಾಂ ಕಾಲನಿಯಲ್ಲಿ ಪಿಂಚಣಿದಾರರ ಸಭೆ ಇತ್ತು. ನನಗೆ ಹತ್ತು ನಿಮಿಷ ಕೊಡಿ ಎಂದು ಕೇಳಿದೆ. ಭಗವದ್ಗೀತೆಯ ಬಗ್ಗೆ ಮಾತಾಡುತ್ತಾರೆ ಎಂದುಕೊಂಡರೋ ಏನೋ, ಅರ್ಧ ಜನ ಆಗಲೇ ಕಣ್ಣು ಮುಚ್ಚಿದ್ದರು. ಒಲೆಯ ಮುಂದಿನಿಂದ ಪಾಸ್‌ವರ್ಡ್ ಕೂಗಿ ಹೇಳಿದ್ದನ್ನು ಹೇಳಿದೆ. ನಕ್ಕರು, ನಗಲಿ ಎಂದು ಬಿಟ್ಟೆ. ಆಮೇಲೆ ಹೇಳಿದೆ: ಯಾವ ಬ್ಯಾಂಕೂ, ಯಾವ ಕಂಪನಿಯೂ ಗುಟ್ಟಿನ ಪದ ಕೇಳಿ ಬರೆಯುವುದಿಲ್ಲ, ಕೇಳಿದವನು ಕಳ್ಳನೇ. ಮಗನೇ ಇರಲಿ, ಅಣ್ಣನೇ ಇರಲಿ, ನಿಮ್ಮ ಪದ ನೀವೇ ಒತ್ತಬೇಕು, ಗೆಳೆಯರಿಗೆ ಕಷ್ಟವೆಂದು ಮೇಲು ಬಂದರೆ ಅವರ ದನಿ ಕೇಳದೆ ದುಡ್ಡು ಕಟ್ಟಬೇಡಿ. ಜಲ್ದಿ ಮಾಡು ಎಂದು ಅವಸರ ಮಾಡಿದರೆ ಅವತ್ತು ಏನೂ ಮಾಡದೆ ಮಲಗಿಬಿಡಿ. ಮೋಸಹೋದರೆ ಅವತ್ತೇ ಹೇಳಿಬಿಡಿ, ನಾಚಿಕೊಂಡಷ್ಟು ದಿನ ಕಳ್ಳ ಇನ್ನೊಬ್ಬರ ಮನೆಗೆ ಹೋಗುತ್ತಾನೆ ಎಂದೆ.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ಜಡೆಪ್ಪ ಅಂತ, ಕಾಲುವೆಯ ತೂಬು ತಿರುಗಿಸುತ್ತಿದ್ದವರು. "ಅಕ್ಕಾರ, ನಾನೂ ಎ.ಟಿ.ಎಂ. ನಂಬರ್ ಹೇಳೀನ್ರಿ. ಮನ್ಯಾಗ ಯಾರಿಗೂ ಗೊತ್ತಿಲ್ಲ" ಎಂದರು. ಯಾರೂ ನಗಲಿಲ್ಲ. ಅವರ ಪಕ್ಕದವರು ಎದ್ದರು. ಆಮೇಲೆ ಇನ್ನೊಬ್ಬರು. ಹತ್ತು ನಿಮಿಷದ ಮಾತು ಮಧ್ಯಾಹ್ನದವರೆಗೆ ನಡೆಯಿತು. ಶೀನಣ್ಣ ಎಲ್ಲರ ಹೆಸರು ಬರೆದುಕೊಂಡು ಸೋಮವಾರ ಅವರನ್ನೆಲ್ಲ ಬ್ಯಾಂಕಿಗೆ ತಾನೇ ಕರೆದುಕೊಂಡು ಹೋದ.

ಉಚ್ಚೆಂಗಪ್ಪನವರ ಕಣ್ಣಿನ ಆಪರೇಷನ್ ಇಲ್ಲೇ ಆಯಿತು. ಮಕ್ಕಳಿಗೆ ಅವರೇ ಹೇಳಿದರು, ನಾನು ಪಕ್ಕದಲ್ಲಿದ್ದೆ. ಪಾಸ್‌ಬುಕ್ ಅವರ ಹತ್ತಿರವೇ ಇದೆ. ನಾಲ್ಕು ದಿನ ನಮ್ಮ ಮನೆಯಲ್ಲೇ ಇದ್ದು, ನಮ್ಮ ಜೊತೆಗೇ ಊಟ ಮಾಡಿಕೊಂಡು ಹೋದರು.

ನಿನ್ನಿಂದ ಉತ್ತರ ಬರುತ್ತದೆಂದು ಕಾಯುವ ಹಕ್ಕು ನನಗಿಲ್ಲ. ಆದರೂ ಪೋಸ್ಟಿನವನು ಬರುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತೇನೆ.

ಇತಿ
ಕೃಷ್ಣಾಬಾಯಿ


ಮೆಟ್ರಿ
3 ಮಾರ್ಚ್ 2008

ಕೃಷ್ಣಾ,

ನೀವು ಎಂದು ಬರೆಯಲು ನನಗೂ ಬೇಸರ ಬಂತು. ಅದಕ್ಕೆ ನೀನು ಎನ್ನುತ್ತಿದ್ದೇನೆ, ಸಿಟ್ಟು ಹೋಯಿತೆಂದಲ್ಲ.

ಉಚ್ಚೆಂಗಪ್ಪ ನಿಮ್ಮ ಮನೆಯಲ್ಲಿ ಉಂಡದ್ದನ್ನು ಇಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗುತ್ತಿದ್ದಾರೆ. ನೀನೂ ಅದನ್ನು ನನಗೆ ಬರೆದಿದ್ದೀ. ನಾನು ಚಪ್ಪಾಳೆ ತಟ್ಟಬೇಕೇನು? ಅವರು ಕೂತ ಜಾಗ ಅವರದ್ದು, ನಾನು ಎದ್ದ ಜಾಗ ನನ್ನದು. ಸಭೆಯಲ್ಲಿ ಮಾತಾಡಿದ್ದು ಮಾತ್ರ ಒಳ್ಳೆಯ ಕೆಲಸ. ಪಲ್ಲವಿಗೆ ಓದಿ ಹೇಳಿದೆ. ಅವಳ ಆಫೀಸಿನ ವಾಚ್‌ಮನ್‌ಗಳಿಗೂ ಹೇಳುತ್ತಾಳಂತೆ.

ಈಗ ನನ್ನ ಸರದಿ. ನಾನೂ ಒಂದು ನಿಜ ಮುಚ್ಚಿಟ್ಟಿದ್ದೇನೆ.

ಆ ಭಾನುವಾರ ಮೇಲು ಓದಿ ಮುಗಿಸಿದ ಕೂಡಲೇ ಪಲ್ಲವಿ ಹೇಳಿದಳು, "ದೊಡ್ಡಮ್ಮ, ಇದು ಮೋಸದ್ದು. ನಮ್ಮ ಆಫೀಸಿಗೂ ಇಂಥವು ಬರ್ತಾವ. ಕಳಸಬ್ಯಾಡ." ಕಾರಣಗಳನ್ನೂ ಬಿಡಿಸಿ ಹೇಳಿದಳು. ನನಗೆ ಅರ್ಥವಾಗದೆ ಇರಲಿಲ್ಲ, ನಾನೇನು ದಡ್ಡಿಯಲ್ಲ. ಆದರೆ ರಾತ್ರಿಯೆಲ್ಲ ಒಂದೇ ಯೋಚನೆ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ಕಳ್ಳನೇ ಇರಲಿ. ಉಳಿದ ಒಂದು ಪಾಲು ನಿಜವಾಗಿಯೂ ಕೃಷ್ಣಾ ಆಗಿದ್ದರೆ? ಅಷ್ಟು ದೂರದಲ್ಲಿ ಕೂತು, ನಾಚಿಕೆ ಬಿಟ್ಟು ನನ್ನನ್ನೇ ಕೇಳಿ, ನಾನು ಸುಮ್ಮನಿದ್ದುಬಿಟ್ಟರೆ? ಆ ಒಂದು ಪಾಲಿಗೆ ಹಣ ಕಟ್ಟಿದೆ. ಕಳ್ಳ ನನಗೆ ಮೋಸ ಮಾಡಲಿಲ್ಲ. ನಾನೇ ಮಾಡಿಕೊಂಡೆ. ಉಚ್ಚೆಂಗಪ್ಪ ಬಂದು ಕೇಳಿದಾಗ ನಿನ್ನ ಕಾಗದ ತೋರಿಸಿದ್ದು ಅವರಿಗಾಗಿ ಅಲ್ಲ, ಪಲ್ಲವಿಯ ಮುಂದೆ ಗೆದ್ದ ಖುಷಿಗೆ. ಹಾಗಾಗಿ ಆ ಪಾಪದಲ್ಲಿ ಅರ್ಧ ನನ್ನದು. ಪೂರ್ತಿ ನೀನೇ ಹೊತ್ತುಕೊಳ್ಳಬೇಡ.

ಮದುವೆಯದು ಬೇರೆ. ಅದರಲ್ಲಿ ನನ್ನ ಪಾಲು ಇಲ್ಲ.

ನಿಮ್ಮತ್ತೆ ಎಬ್ಬಿಸಿದರು ಎಂದು ಬರೆದಿದ್ದೀ. ನಿಮ್ಮತ್ತೆ ಎಬ್ಬಿಸಿದ್ದಕ್ಕೆ ನಾನು ಅಳಲಿಲ್ಲ, ಅವರು ಹಾಗೇ ಎಂದು ಗೊತ್ತಿದ್ದೇ ಬಂದಿದ್ದೆ. ನೀನು ತುಪ್ಪ ಬಡಿಸುತ್ತಾ ಬರುತ್ತಿದ್ದೆ. ನನ್ನನ್ನು ನೋಡಿದೆ. ನಾನು ಏಳುವುದನ್ನು ನೋಡಿದೆ. ಆಮೇಲೆ ಪಕ್ಕದ ಎಲೆಗೆ ಬಡಿಸಿದೆ. ಇದನ್ನು ನೀನು ಇನ್ನೂ ಬರೆದಿಲ್ಲ.

ಇಪ್ಪತ್ತೆರಡು ವರ್ಷ ಜೊತೆಗೆ ಕೆಲಸ ಮಾಡಿದೆವು. ನಿನ್ನ ಮನೆಯ ಪಡಸಾಲೆ ನನಗೆ ಗೊತ್ತು. ನನ್ನ ಮನೆ ನಿನಗೆ ಗೊತ್ತಿಲ್ಲ. ಬರುವುದಾದರೆ ಬಾ. ಬಸ್‌ಸ್ಟ್ಯಾಂಡಿಗೆ ಪಲ್ಲವಿಯನ್ನು ಕಳಿಸುವುದಿಲ್ಲ. ಹೋಟೆಲಿನ ಮುಂದೆ ಕೂತವರನ್ನು ಹೊಳೆಮ್ಮ ಟೀಚರ್ ಮನೆ ಎಲ್ಲಿ ಎಂದು ಕೇಳಬೇಕು. ಅವರು ನಿನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ, ಅಲ್ಲಿಗಾ, ಕೇರಿಗಾ ಎಂದು ಎರಡು ಸಲ ಕೇಳುತ್ತಾರೆ. ಹೌದು ಎಂದು ಹೇಳಿ ನಡೆದು ಬರಬೇಕು. ನಿನ್ನ ಹೆಸರು ಕದ್ದವನಿಂದ ಅದು ಆಗುವುದಿಲ್ಲ. ನಿನ್ನಿಂದ ಆಗುತ್ತದೋ ಇಲ್ಲವೋ, ನೋಡುತ್ತೇನೆ.

ಹೊಳೆಮ್ಮ


ಹೊಸಪೇಟೆ
7 ಮಾರ್ಚ್ 2008

ಹೊಳೆಮ್ಮ,

ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಅಂಟಿಸಿದ ಲಕೋಟೆಯಲ್ಲಿ ಅಲ್ಲ. ಇಲ್ಲಿಯ ಪೋಸ್ಟಿನವರು ಓದಲಿ, ಕಂಪ್ಲಿಯವರು ಓದಲಿ, ನಿಮ್ಮೂರಿನಲ್ಲಿ ಹಂಚುವವರು ನಾಲ್ಕು ಜನರ ಮುಂದೆ ಓದಲಿ.

1996ರ ಮೇ ತಿಂಗಳಲ್ಲಿ, ನನ್ನ ಮಗಳ ಮದುವೆಯಲ್ಲಿ, ನನ್ನ ಗೆಳತಿ ಹೊಳೆಮ್ಮನನ್ನು ಜಾತಿಯ ಕಾರಣಕ್ಕೆ ಊಟದಿಂದ ಎಬ್ಬಿಸಿದರು. ನಾನು ನೋಡಿದೆ. ನೋಡಿಯೂ ಪಕ್ಕದ ಎಲೆಗೆ ತುಪ್ಪ ಬಡಿಸಿದೆ. ಅತ್ತೆಯವರದಲ್ಲ, ತಪ್ಪು ನನ್ನದು.

ಮಂಗಳವಾರ ಹತ್ತು ಗಂಟೆಯ ಬಸ್ಸಿಗೆ ಬರುತ್ತೇನೆ. ಮನೆ ಕೇಳಿಕೊಂಡೇ ಬರುತ್ತೇನೆ.

ಕೃಷ್ಣಾಬಾಯಿ